ಮೆತ್ತನೆಯದು, ಗಟ್ಟಿಯದು, ಕೆಸರಿನದು: ಮಲೆನಾಡಿನ ಪಿಕಪ್‌ಗೆ ಯಾವ ಟೈರ್?

ಟೈರ್ ಅಂಗಡಿಗೆ ಹೋಗಿ ಆಲ್ ಟೆರೇನ್, ಅಂದರೆ ಎಲ್ಲ ಥರದ ದಾರಿಗೂ ಆಗುವ ಟೈರ್ ಬೇಕು ಅಂದರೆ ಮೊದಲು ಹೊರಗೆ ಬರುವುದು ದೊಡ್ಡ ಬಟನ್‌ನ (ಟೈರ್ ಮೇಲೆ ಎದ್ದು ನಿಂತ ರಬ್ಬರ್ ತುಂಡು), ಬಿಳಿ ಅಕ್ಷರದ, ನೋಡಿದ ಕೂಡಲೇ ಗಾಡಿಗೆ ಹಾಕಿಬಿಡೋಣ ಅನ್ನಿಸುವ ಟೈರು. "ಮಲೆನಾಡಲ್ವಾ ಸಾರ್, ಕೆಸರಿಗೆ ಇದೇ ಬೇಕು" ಅನ್ನೋ ಮಾತು ಬೇರೆ. ಕೆಸರು ಇದೆ, ಇಲ್ಲ ಅನ್ನಲ್ಲ. ಆದರೆ ತೀರ್ಥಹಳ್ಳಿ ಆಚೆ ಇರುವ ನಮ್ಮಂಥವರ ಪಿಕಪ್ ಜಾಸ್ತಿ ಓಡುವುದು ಒದ್ದೆ ಡಾಂಬರು, ಒದ್ದೆ ಕಾಂಕ್ರೀಟಿನ ಮೇಲೆ. ಕೆಸರು ಅಂದರೆ ಮನೆಯಿಂದ ತೋಟಕ್ಕೆ, ತೋಟದಿಂದ ಗೊಬ್ಬರದ ಗುಂಡಿಗೆ, ಅಷ್ಟೇ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಬೀಳುವ ಆಗುಂಬೆ ನಮಗೆ ಪಕ್ಕದೂರು. ಹಾಗಾಗಿ ನನ್ನ ಮೊದಲ ಪ್ರಶ್ನೆ ಒಂದೇ: ಜುಲೈ ತಿಂಗಳಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಯಾವುದು ನಿಲ್ಲುತ್ತೆ?

ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಹಳೆಯ 16 ಇಂಚಿನ ಡಿಸ್ಕ್‌ನದು (ಟೈರ್ ಕೂರುವ ರಿಮ್). ಟೈರ್ ಅಳತೆ 245/70 ಆರ್16. ಗಾಡಿ ಜೊತೆ ಬಂದ ರೋಡ್ ಟೈರ್ ಸವೆದು ಗ್ರಿಪ್ಪಿನ ಸಂದಿಯಲ್ಲಿರುವ ಗುರುತಿನ ಹತ್ತಿರ, ಅಂದರೆ 1.6 ಮಿಲಿಮೀಟರ್ ಹತ್ತಿರ ಬಂದಿತ್ತು. ಪುಣ್ಯಕ್ಕೆ ಇದೇ ಗಾಡಿ ಕೊಪ್ಪದ ಭಾವನ ಹತ್ತಿರ ಒಂದು, ಹೊಸನಗರದ ಗೆಳೆಯನ ಹತ್ತಿರ ಒಂದು ಇದೆ. ಭಾವನದರಲ್ಲಿ ಗಟ್ಟಿ ಜಾತಿಯ ಆಲ್ ಟೆರೇನ್, ಗೆಳೆಯನದರಲ್ಲಿ ಪೂರ್ತಿ ಕೆಸರಿನ ಟೈರ್. ಆರು ನಟ್ ಬಿಚ್ಚಿದರೆ ಆಯಿತು, ಚಕ್ರ ಸಮೇತ ಬದಲಾಯಿಸಿಕೊಂಡು ಓಡಿಸಿ ನೋಡಿದೆ. ಅಷ್ಟು ದಿನ ಭಾವನ ಗಾಡಿ ನನ್ನ ಬೋಳು ಟೈರಿನ ಮೇಲೆ ಶೆಡ್‌ನಲ್ಲೇ ನಿಂತಿತ್ತು, ಅದನ್ನು ಅವನು ಇವತ್ತಿಗೂ ಎತ್ತಿ ಆಡುತ್ತಾನೆ. ಮೂರನೆಯದು, ಮೆತ್ತನೆ ಜಾತಿಯ ಆಲ್ ಟೆರೇನ್, ಆಮೇಲೆ ನಾನೇ ಕೊಂಡಿದ್ದು.

ಕಂಪನಿ ಹೆಸರು ಹೇಳಿ ಅಂತ ಎಲ್ಲರೂ ಕೇಳ್ತಾರೆ. ಯೊಕೊಹಾಮಾ ಜಿಯೋಲ್ಯಾಂಡರ್, ಬಿಎಫ್ ಗುಡ್ರಿಚ್, ಅಪೊಲೊ ಆಪ್ಟೆರಾ, ಎಂಆರ್‌ಎಫ್ ವಾಂಡರರ್, ಎಲ್ಲವನ್ನೂ ನಮ್ಮ ಕಡೆ ಒಬ್ಬರಲ್ಲ ಒಬ್ಬರು ಹಾಕಿಸಿದ್ದಾರೆ. ಆದರೆ ಹೆಸರಿನಿಂದ ಅರ್ಧ ವಿಷಯವೂ ಗೊತ್ತಾಗಲ್ಲ. ಜಿಯೋಲ್ಯಾಂಡರ್ ಜಿ015 ಅನ್ನೇ ತಗೊಳ್ಳಿ. ಒಂದೇ ಹೆಸರು, ಒಂದೇ ಡಿಸೈನು, ಆದರೆ ಕೆಲವು ಅಳತೆಯಲ್ಲಿ ಅದು ಕಾರಿನ ಥರದ ಸಾಧಾರಣ ಕಟ್ಟಿನದು, ಕೆಲವು ಅಳತೆಯಲ್ಲಿ ಎಲ್‌ಟಿ, ಅಂದರೆ ಲೈಟ್ ಟ್ರಕ್ ಕಟ್ಟಿನದು. ಇವೆರಡೂ ಓಡಿಸೋಕೆ ಬೇರೆ ಬೇರೆ ಟೈರೇ. ಹಾಗಾಗಿ ಹೆಸರು ಬಿಟ್ಟು ಟೈರಿನ ಪಕ್ಕೆ ಮೇಲೆ ಏನು ಬರೆದಿದೆ ಓದಿ. ಅಳತೆಯ ಜೊತೆ ಎಲ್‌ಟಿ ಅಂತ ಇದ್ದರೆ, ಅಥವಾ ಭಾರದ ನಂಬರ್ 113/110 ಅಂತ ಎರಡೆರಡು ಇದ್ದರೆ ಅದು ಗಟ್ಟಿ ಜಾತಿ. ಬರೀ 111 ಅಂತ ಒಂದೇ ಇದ್ದರೆ ಸಾಧಾರಣ ಕಟ್ಟು, ನಾನು ಮೆತ್ತನೆಯದು ಅನ್ನುವುದು ಅದಕ್ಕೆ. ಮೆತ್ತನೆ ಅಂದರೆ ಭಾರ ಹೊರಲ್ಲ ಅಂತಲ್ಲ. 111 ಅಂದರೆ ಒಂದು ಟೈರಿಗೆ 1,090 ಕಿಲೋ. ಅಡಿಕೆ ಚೀಲ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋಗೋಕೆ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ 200 ಲೀಟರ್ ಡ್ರಮ್ ಹೊತ್ತು ತಿರುಗೋಕೆ ಅದು ಧಾರಾಳ ಸಾಕು.

ಎಲ್‌ಟಿಯಲ್ಲಿ ಒಳಗಿನ ಪದರ ಜಾಸ್ತಿ, ಪಕ್ಕೆ ದಪ್ಪ. ಅಷ್ಟೇ ಭಾರಕ್ಕೆ ಇದು ಜಾಸ್ತಿ ಗಾಳಿ ಕೇಳುತ್ತೆ, ಅದನ್ನು ಅಂಗಡಿಯವರು ಹೇಳಲ್ಲ. ಬಾಗಿಲ ಹತ್ತಿರದ ಸ್ಟಿಕರ್ ನೋಡಿ ಅಷ್ಟೇ ಗಾಳಿ ತುಂಬಿಸಿ ಮೇಲೆ ಲೋಡ್ ಹಾಕಿದರೆ ಟೈರ್ ಬಿಸಿಯಾಗುತ್ತೆ. ಸರಿಯಾದ ಗಾಳಿ ತುಂಬಿಸಿದಿರೋ, ಖಾಲಿ ಗಾಡಿ ಹಿಂದಿನಿಂದ ಕುಣಿಯೋಕೆ ಶುರು. ಹಿಂದೆ ಪಟ್ಟಾ ಸ್ಪ್ರಿಂಗ್, ಅದರ ಕೆಳಗೆ ಕಲ್ಲಿನಂಥ ಟೈರು. ಭಾವನ ಚಕ್ರ ಹಾಕಿದ ದಿನ ಅಮ್ಮ ಮುಂದಿನ ಸೀಟಲ್ಲಿ ಕೂತು ಮಂಡಗದ್ದೆ ದಾಟುವ ಹೊತ್ತಿಗೆ "ಇದಕ್ಕಿಂತ ಬಸ್ಸೇ ವಾಸಿ" ಅಂದರು.

ಈಗ ಒದ್ದೆ ಡಾಂಬರಿಗೆ ಬರೋಣ, ನನ್ನ ಲೆಕ್ಕದಲ್ಲಿ ತೀರ್ಮಾನ ಆಗಿದ್ದೇ ಇಲ್ಲಿ. ಆಗುಂಬೆ ಘಾಟಿಯ 14 ತಿರುವು ಗೊತ್ತಲ್ಲ, ಇಳಿಯುವಾಗ ಎರಡನೇ ಗೇರ್, ಒಮ್ಮೊಮ್ಮೆ ಒಂದನೆಯದು, ತಿರುವಿನಲ್ಲಿ ಮೇಲಿನಿಂದ ಹರಿದು ಬಂದ ನೀರು ರಸ್ತೆ ಅಡ್ಡ ಹಾದು ಹೋಗ್ತಾ ಇರುತ್ತೆ, ಅದರ ಜೊತೆ ಎಲೆ, ಮಣ್ಣು, ಎದುರಿಂದ ಉಡುಪಿ ಕಡೆಯ ಮಿನಿ ಬಸ್ಸು. ಇಲ್ಲಿ ಕೆಲಸಕ್ಕೆ ಬರುವುದು ಬಟನ್ ಎಷ್ಟು ದೊಡ್ಡದು ಅನ್ನುವುದಲ್ಲ, ಒಂದೊಂದು ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳು ಎಷ್ಟಿವೆ ಅನ್ನುವುದು. ಬೆರಳಿಟ್ಟು ನೋಡಿ. ಬಟನ್ ಒತ್ತಿದರೆ ಆ ಸೀಳು ಬಾಯಿ ಬಿಡುತ್ತೆ, ರಸ್ತೆ ಮೇಲಿನ ನೀರಿನ ತೆಳು ಪದರವನ್ನು ಆ ಅಂಚುಗಳೇ ಕತ್ತರಿಸುವುದು. ಮೆತ್ತನೆಯದರಲ್ಲಿ ಇವು ತುಂಬಾ ಇದ್ದವು, ಒಂದೊಂದು ಬಟನ್ ಮೇಲೂ ಅಡ್ಡಡ್ಡ ಸಾಲು. ಗಟ್ಟಿಯದರಲ್ಲಿ ಅದಕ್ಕಿಂತ ಕಡಿಮೆ, ಕೆಸರಿನದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಓಡಿಸಿದರೂ ಅದೇ ಕ್ರಮ. ಮೆತ್ತನೆಯದು ಘಾಟಿಯಲ್ಲಿ ರೋಡ್ ಟೈರಿಗಿಂತ ಒಂದು ಕೂದಲೆಳೆ ಹಿಂದೆ, ಅಷ್ಟೇ. ಗಟ್ಟಿಯದು ಖಾಲಿ ಗಾಡಿಯಲ್ಲಿ ತಿರುವಿನಿಂದ ಹೊರಗೆ ಬರುವಾಗ ಹಿಂದಿನ ಚಕ್ರ ಸ್ವಲ್ಪ ಜಾರುತ್ತಿತ್ತು, ಹಿಂದೆ ನಾಲ್ಕು ಚೀಲ ಗೊಬ್ಬರ ಹಾಕಿದರೆ ಸರಿ ಹೋಗುತ್ತಿತ್ತು. ಕೆಸರಿನದು ಮಾತ್ರ ಬೇಡವೇ ಬೇಡ. ಬ್ರೇಕ್ ಒತ್ತಿದ ಮೇಲೂ ಗಾಡಿ ಯೋಚನೆ ಮಾಡಿ ನಿಲ್ಲುತ್ತೆ. ಬಟನ್ ನಡುವೆ ಅಷ್ಟಷ್ಟು ಖಾಲಿ ಬಿಟ್ಟ ಮೇಲೆ ರಸ್ತೆಗೆ ತಾಗುವ ರಬ್ಬರೇ ಕಡಿಮೆ ಅಲ್ವಾ? ಗೆಳೆಯ ಒಪ್ಪಲ್ಲ, ಅವನ ಪ್ರಕಾರ ನಾನು ಓಡಿಸುವುದೇ ಸರಿ ಇಲ್ಲ.

ಇನ್ನೊಂದು ಜಾಗ ಇದೆ, ಅದನ್ನು ಯಾವ ಟೈರ್ ಕಂಪನಿಯೂ ಜಾಹೀರಾತಿನಲ್ಲಿ ತೋರಿಸಲ್ಲ. ನಮ್ಮ ಹಳ್ಳಿಗಳ ಕಾಂಕ್ರೀಟ್ ರಸ್ತೆ. ಬೇಸಿಗೆಯಲ್ಲಿ ಏನೂ ಇಲ್ಲ. ಆಷಾಢ ಬಂತು ಅಂದರೆ ಮರದ ನೆರಳಿನಲ್ಲಿ, ಬಿಸಿಲೇ ಬೀಳದ ಕಡೆ ಹಾವಸೆ ಕಟ್ಟುತ್ತೆ. ಮನೆಯಂಗಳದಲ್ಲಿ ಕಾಲು ಜಾರಿ ಬೀಳುವ ಅದೇ ಹಸಿರು ಹಾವಸೆ. ನಮ್ಮ ಮನೆ ದಾರಿಯಲ್ಲಿ ಅಂಥ ಒಂದು ಏರು ಇದೆ, ಪಕ್ಕದಲ್ಲೇ ಚರಂಡಿ. ಅಲ್ಲಿ ಕೆಸರಿನ ಟೈರ್ ಚಕ್ರ ಸುತ್ತುತ್ತಾ ನಿಂತುಬಿಟ್ಟಿತು. 4ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಬರುವ ಹಾಗೆ ಹಾಕಿದೆ, ಹತ್ತಿತು, ಆದರೆ ಮುಂದಿನ ಚಕ್ರ ಚರಂಡಿ ಕಡೆಗೇ ಎಳೆಯುತ್ತಾ ಹತ್ತಿತು. ಗಟ್ಟಿಯದು 4ಎಚ್‌ನಲ್ಲಿ ನೆಟ್ಟಗೆ ಹೋಯಿತು. ಮೆತ್ತನೆಯದು 2ಎಚ್‌ನಲ್ಲೇ (ಹಿಂದಿನ ಎರಡೇ ಚಕ್ರದ ಎಳೆತ), ಒಂದನೇ ಗೇರ್‌ನಲ್ಲಿ ಕಾಲು ಹಗುರ ಇಟ್ಟರೆ ಹತ್ತುತ್ತಿತ್ತು. ಹಾವಸೆಗೆ ಮೆತ್ತನೆ ರಬ್ಬರ್ ಬೇಕು, ಕಾಂಕ್ರೀಟಿನ ತರಿಗೆ ಕಚ್ಚಿಕೊಳ್ಳೋಕೆ ಸೀಳು ಬೇಕು, ದೊಡ್ಡ ಬಟನ್‌ಗೆ ಅಲ್ಲಿ ಕೆಲಸವೇ ಇಲ್ಲ. ಪಂಚಾಯ್ತಿಯವರು ರಸ್ತೆಗೆ ಅಡ್ಡ ಗೆರೆ ಎಳೆದಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಸರಿ, ಕೆಸರು. ತೋಟಕ್ಕೆ ಹೊಸ ಮಣ್ಣು ಹಾಕಿಸಿದ ವರ್ಷ ದಾರಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಇಲ್ಲಿ ಗೆಳೆಯನ ಟೈರ್ ರಾಜ. ಚಕ್ರ ಸುತ್ತುವಾಗ ಸಂದಿಯ ಮಣ್ಣನ್ನು ತಾನೇ ಎಸೆದು ಮುಂದಿನ ಸುತ್ತಿಗೆ ಖಾಲಿ ಆಗುತ್ತೆ, ಹಿಂದೆ ಬಂದವನ ಮುಖಕ್ಕೆ ಬೀಳುತ್ತೆ. ಮೆತ್ತನೆಯದರ ಸಂದಿ ಚಿಕ್ಕದು, ಜಿಗುಟು ಮಣ್ಣು ಒಳಗೆ ಸೇರಿದರೆ ಬರಲ್ಲ, ಮಾರು ದೂರ ಹೋಗುವಷ್ಟರಲ್ಲಿ ಗ್ರಿಪ್ಪೇ ಕಾಣದೆ ಟೈರು ಮಣ್ಣಿನ ಕಡುಬಿನ ಥರ ಆಗುತ್ತೆ.

ಆದರೆ ಇದಕ್ಕೆ ಒಂದು ದಾರಿ ಇದೆ, ಖರ್ಚೂ ಇಲ್ಲ. ಗಾಳಿ ಇಳಿಸುವುದು. ಮೆತ್ತನೆಯದನ್ನು 18 ಪಿಎಸ್‌ಐಗೆ ಇಳಿಸಿದೆ. ನೆಲಕ್ಕೆ ತಾಗುವ ಭಾಗ ಉದ್ದ ಆಗುತ್ತೆ, ಪಕ್ಕೆ ಮೆತ್ತಗೆ ಇರುವುದರಿಂದ ಚೆನ್ನಾಗಿ ಬಾಗುತ್ತೆ, ಬಟನ್‌ಗಳ ಸಂದಿ ಬಾಯಿ ಬಿಟ್ಟು ಮಣ್ಣೂ ಉದುರುತ್ತೆ. ಮೊದಲು ಹೂತ ಜಾಗದಲ್ಲೇ 4ಎಲ್‌ನಲ್ಲಿ (ನಾಲ್ಕೂ ಚಕ್ರ, ಇನ್ನೂ ಕೆಳಗಿನ ಗೇರ್) ನಿಧಾನಕ್ಕೆ ಎದ್ದು ಬಂತು. ಗಟ್ಟಿಯದರಲ್ಲೂ ಇದೇ ಮಾಡಿದೆ, ಆದರೆ ಆ ದಪ್ಪ ಪಕ್ಕೆ 18ಕ್ಕೆ ಅಷ್ಟೊಂದು ಬಾಗಲ್ಲ, ಇನ್ನೂ ಇಳಿಸಬೇಕು. 15ಕ್ಕಿಂತ ಕೆಳಗೆ ಹೋದರೆ ತಿರುಗಿಸುವಾಗ ಟೈರ್ ಡಿಸ್ಕ್‌ನಿಂದ ಬಿಟ್ಟು ಬರುವ ಭಯ, ನಾನು ಆ ಸಾಹಸಕ್ಕೆ ಹೋಗಲಿಲ್ಲ. ಡಾಂಬರಿಗೆ ಬರುವ ಮುಂಚೆ ಗಾಳಿ ತುಂಬಲೇಬೇಕು, ಅದಕ್ಕೆ ಬ್ಯಾಟರಿಗೆ ಹಾಕುವ ಕಂಪ್ರೆಸರ್ ಒಂದು ಸೀಟಿನ ಕೆಳಗಿರಲಿ. ನಾಲ್ಕಕ್ಕೂ ತುಂಬುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿರುತ್ತೆ, ಸುಣ್ಣ ಜೇಬಲ್ಲಿರಲಿ.

ಹಾಗಾದರೆ ಗಟ್ಟಿಯದು ಯಾರಿಗೆ? ಜಂಬಿಟ್ಟಿಗೆ ಕಲ್ಲು ಕೀಳುವ ಕಡೆ ದಿನಾ ಓಡುವವರಿಗೆ. ಅಲ್ಲಿ ಮಳೆ ನೀರು ಮಣ್ಣು ತೊಳೆದು ಕಲ್ಲಿನ ಅಂಚು ಕತ್ತಿಯ ಹಾಗೆ ಎದ್ದಿರುತ್ತೆ, ಅದು ಕುಯ್ಯುವುದು ಗ್ರಿಪ್ಪನ್ನಲ್ಲ, ಪಕ್ಕೆಯನ್ನು. ಗ್ರಿಪ್ಪಿನಲ್ಲಿ ಮೊಳೆ ಹೊಕ್ಕರೆ ತೀರ್ಥಹಳ್ಳಿಯಲ್ಲಿ ಯಾರಾದರೂ ಐದು ನಿಮಿಷದಲ್ಲಿ ಪಂಕ್ಚರ್ ಹಾಕಿ ಕೊಡ್ತಾರೆ, ಪಕ್ಕೆ ಹರಿದರೆ ಟೈರೇ ಹೋಯಿತು. ಬಿದಿರು ಮೆಳೆ ಪಕ್ಕದ ದಾರಿಯೂ ಹಾಗೇ, ಒಣಗಿದ ಬಿದಿರ ಮುಳ್ಳು ಪಕ್ಕೆಗೇ ಚುಚ್ಚುವುದು. ಭಾವನ ಟೈರಿನ ಪಕ್ಕೆ ತುಂಬಾ ಗೀರುಗಳಿವೆ, ಒಂದೂ ಒಳಗೆ ಇಳಿದಿಲ್ಲ. ನನ್ನದರ ಪಕ್ಕೆಯಲ್ಲಿ ಒಂದು ಕಡೆ ಉಗುರಿನಷ್ಟು ರಬ್ಬರ್ ಎದ್ದು ಬಂದಿದೆ, ಗಾಳಿ ಹೋಗಿಲ್ಲ, ಆದರೂ ಗಾಡಿ ತೊಳೆಯುವಾಗೆಲ್ಲ ಕೈ ಅಲ್ಲಿಗೇ ಹೋಗುತ್ತೆ.

ಸೌಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೆತ್ತನೆಯದು ಹೆಚ್ಚುಕಡಿಮೆ ರೋಡ್ ಟೈರ್ ಥರ, ಗಟ್ಟಿಯದು 80 ದಾಟಿದ ಮೇಲೆ ಗುಂಯ್ ಅನ್ನುತ್ತೆ, ಕೆಸರಿನದರಲ್ಲಿ ಫೋನ್ ಮಾತಾಡೋಕೂ ಆಗಲ್ಲ, ಅದು ಒಳ್ಳೆಯದೇ. ಮೈಲೇಜ್ ಮೆತ್ತನೆಯದರಲ್ಲಿ ಹೆಚ್ಚು ಬದಲಾಗಲಿಲ್ಲ, ಉಳಿದೆರಡರಲ್ಲಿ ಇಳಿಯಿತು, ಕೆಸರಿನದರಲ್ಲಿ ಜಾಸ್ತಿ. ಎಲ್‌ಟಿ ಟೈರಿನ ತೂಕ ಎಷ್ಟು ಅಂತ ಚಕ್ರ ಎತ್ತಿ ಕೂರಿಸುವಾಗ ಸೊಂಟಕ್ಕೇ ಗೊತ್ತಾಗುತ್ತೆ.

ಅಂಗಡಿಯಲ್ಲಿ ಇನ್ನೊಂದು ಆಸೆ ತೋರಿಸ್ತಾರೆ: "245 ಯಾಕೆ, 265 ಹಾಕಿಸಿ, ಗಾಡಿ ಎದ್ದು ಕಾಣುತ್ತೆ." 245/70ರ ಪೂರ್ತಿ ಎತ್ತರ ಸುಮಾರು 749 ಮಿಲಿಮೀಟರ್, 265/70ರದು 777. ವ್ಯತ್ಯಾಸ 28, ಅದರಲ್ಲಿ ಗಾಡಿಯ ಹೊಟ್ಟೆ ಮೇಲೆ ಹೋಗುವುದು ಅರ್ಧ, 14 ಮಿಲಿಮೀಟರ್. ಅಷ್ಟಕ್ಕೆ ಸ್ಪೀಡೋಮೀಟರ್ ಶೇಕಡ 3.6ರಷ್ಟು ಕಡಿಮೆ ತೋರಿಸುತ್ತೆ, ಏರಿನಲ್ಲಿ ಎಳೆತವೂ ಅಷ್ಟೇ ಕಡಿಮೆ, ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವಾಗ ಇದು ಗೊತ್ತಾಗುತ್ತೆ. ಬೇಡ ಅಂದೆ.

ಕೊಳ್ಳುವಾಗ ಪಕ್ಕೆ ಮೇಲಿನ ನಾಲ್ಕು ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾಗಿದ್ದು ಅಂತ. ಒಂದು ಅಂಗಡಿಯಲ್ಲಿ ನಾಲ್ಕು ಟೈರ್ ತಂದಿಟ್ಟರು, ಮೂರು ಹೊಸದು, ಒಂದು ಮೂರು ವರ್ಷ ಹಳೆಯದು. ಕೇಳಿದರೆ "ಏನಾಗಲ್ಲ ಸಾರ್, ರಬ್ಬರ್ ಅಲ್ವಾ" ಅಂದರು. ರಬ್ಬರ್ ಅಂತಲೇ ಕೇಳಿದ್ದು ಮಾರಾಯ್ರೇ ಅಂತ ಹೇಳಿ ಎದ್ದು ಬಂದೆ. ಬೆಲೆ ವಿಚಾರದಲ್ಲಿ, 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ಕಡಿವಾಣ ಹಾಕಿತು, ಹೊರಗಿನ ಟೈರ್ ಬೇಕಾದ ಅಳತೆಯಲ್ಲಿ ಸಿಗುವುದು ಕಷ್ಟ ಆಗಿದ್ದು ಅದರಿಂದಲೇ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೆಯ ರೇಟ್ ಹೇಳಿದರೆ ಬಿಲ್ ಕೇಳಿ.

ನಾನು ಮೆತ್ತನೆಯದನ್ನೇ ಹಾಕಿಸಿದೆ, ಅಳತೆ ಬದಲಾಯಿಸದೆ. ಭಾವ ಗಟ್ಟಿಯದನ್ನು ಬಿಡಲ್ಲ, ಅವನ ಎಸ್ಟೇಟ್ ದಾರಿ ನೋಡಿದರೆ ಬಿಡಲೂಬಾರದು. ಗೆಳೆಯನಿಗೆ ಹೇಳಿ ಪ್ರಯೋಜನ ಇಲ್ಲ. ನೀವು ಹಾಕಿಸುವುದಾದರೆ ನಾಲ್ಕಲ್ಲ, ಐದು ತಗೊಳ್ಳಿ. ಹಳೇ ರೋಡ್ ಟೈರನ್ನೇ ಸ್ಟೆಪ್ನಿಯಾಗಿ ಇಟ್ಟುಕೊಂಡು ಒಂದು ದಿನ ಅದನ್ನು ಹಾಕಿ 4ಎಚ್‌ಗೆ ತಿರುಗಿಸಿದರೆ, ಒಂದು ಚಕ್ರ ಸಣ್ಣದು ಮೂರು ದೊಡ್ಡದು, ಗೇರ್‌ಬಾಕ್ಸ್ ಹಿಂದೆ ಇದ್ದು ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಸುಮ್ನೆ ಎಳೆದಾಟ ಬೀಳುತ್ತೆ. ಐದನ್ನೂ ಸರದಿ ಮೇಲೆ ಬದಲಾಯಿಸುತ್ತಾ ಹೋದರೆ ಐದೂ ಒಟ್ಟಿಗೇ ಸವೆಯುತ್ತವೆ, ಅಂಗಡಿಯವರೂ ಐದು ಅಂದರೆ ರೇಟಿನಲ್ಲಿ ಸ್ವಲ್ಪ ಬಗ್ಗುತ್ತಾರೆ.