ಕಂಪ್ಯೂಟರ್ ಚಾಲೂ ಆದ ಸದ್ದು: ಟಿಕ್ ಹಾಕೋದೋ, ಟಾಸ್ಕ್ ಬರೆಯೋದೋ, ಬಝರ್ ಸಿಗಿಸೋದೋ?

ಕಂಪ್ಯೂಟರ್ ಚಾಲೂ ಆಗುವಾಗ ಬರುವ ಸದ್ದು ಬಹಳ ಮಂದಿಗೆ ಬಂದರೂ ಸೈ, ಬರದಿದ್ದರೂ ಸೈ. ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯಲ್ಲಿ ಮಾತ್ರ ಅದು ಬೇಕೇ ಬೇಕು. ನಮ್ಮ ಕಾಕಾ ರಿಟೈರ್ ಆದ ಮಾಸ್ತರು. ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿ ಇದ್ದದ್ದನ್ನು ಓದಿ ಹೇಳುವ ಪ್ರೋಗ್ರಾಮ್, ಇಟ್ಟುಕೊಂಡು ಪೇಪರ್ ಓದಿಸಿಕೊಳ್ಳುತ್ತಾರೆ, ಮೇಲ್ ಬರೆಯುತ್ತಾರೆ. ವಿಂಡೋಸ್ 7 ಇದ್ದ ಕಾಲಕ್ಕೆ ಬಟನ್ ಒತ್ತಿ ಸುಮ್ಮನೆ ಕೂತಿರುತ್ತಿದ್ದರು. ಸದ್ದು ಬಂದ ಕೂಡಲೇ ಪಾಸ್‌ವರ್ಡ್ ಒತ್ತೋದು. ಅಂಗಡಿಯಲ್ಲಿ ವಿಂಡೋಸ್ 10 ಹಾಕಿಸಿಕೊಂಡು ಬಂದ ಮೇಲೆ ಡಬ್ಬಿ ಮೂಕಾಯಿತು. "ತಮ್ಮಾ, ಇದು ಚಾಲೂ ಆಗ್ಯಾದೋ ಇಲ್ಲೋ, ಏನೂ ತಿಳಿವಲ್ದು," ಅಂದರು.

ಕೆಟ್ಟಿದ್ದು ಏನೂ ಇರಲಿಲ್ಲ. 2012ರ ವಿಂಡೋಸ್ 8ರಿಂದಲೇ ಈ ಸದ್ದನ್ನು ಮೊದಲಿನಿಂದ ಬಂದ್ ಇಟ್ಟೇ ಕೊಡುತ್ತಾರೆ, 10ರಲ್ಲೂ ಅದೇ. 2021ರಲ್ಲಿ ಬಂದ 11ರಲ್ಲಿ ಹೊಸ ಸದ್ದು ಕೊಟ್ಟು ಮತ್ತೆ ಚಾಲೂ ಇಟ್ಟರು. ಹಾಗಾಗಿ 10ರಲ್ಲಿ ಸದ್ದು ಬರುತ್ತಿಲ್ಲವೆಂದು ಸೀದಾ ಡ್ರೈವರ್ (ಸದ್ದಿನ ಯಂತ್ರವನ್ನು ವಿಂಡೋಸಿಗೆ ಜೋಡಿಸುವ ಪ್ರೋಗ್ರಾಮ್) ಕಿತ್ತು ಹಾಕುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಮೊದಲು ಒಂದು ಹಾಡು ಹಚ್ಚಿ ನೋಡಿ. ಹಾಡು ಕೇಳಿಸಿದರೆ ಡ್ರೈವರ್ ಸರಿ ಇದೆ, ಅದರ ತಂಟೆಗೆ ಹೋಗಬೇಡಿ. ಹಾಡೂ ಕೇಳಿಸದಿದ್ದರೆ ಟಾಸ್ಕ್‌ಬಾರಿನ ಸ್ಪೀಕರ್ ಚಿತ್ರ ಒತ್ತಿ, ಸದ್ದು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. ಎಚ್‌ಡಿಎಂಐ ವೈರಿನಲ್ಲಿ ಮಾನಿಟರ್ ಹಚ್ಚಿದ್ದರೆ, ಸ್ಪೀಕರೇ ಇಲ್ಲದ ಆ ಮಾನಿಟರಿಗೆ ವಿಂಡೋಸ್ ಸದ್ದು ಕಳಿಸುತ್ತಾ ಕೂತಿರುವುದುಂಟು. ಬ್ಲೂಟೂತ್ ಸ್ಪೀಕರ್ ಆದರಂತೂ ಅದು ಜೋಡಿ ಆಗುವಷ್ಟರಲ್ಲಿ ಸದ್ದು ಮುಗಿದೇ ಹೋಗಿರುತ್ತದೆ. ಹಿಂದಿನ ರಾತ್ರಿ ಮ್ಯೂಟ್ ಮಾಡಿ ಬಂದ್ ಮಾಡಿದ್ದರೆ ಬೆಳಿಗ್ಗೆಯೂ ಮ್ಯೂಟೇ.

ಇಷ್ಟು ನೋಡಿದ ಮೇಲೂ ಬರೀ ಚಾಲೂ ಆಗುವ ಸದ್ದೊಂದೇ ಇಲ್ಲವೆಂದರೆ ದಾರಿ ಬೇರೆ ಬೇರೆ ಇವೆ. ಕಾಕಾನ ಡೆಸ್ಕ್‌ಟಾಪ್, ನನ್ನ ಲ್ಯಾಪ್‌ಟಾಪ್, ನಮ್ಮ ಭಾವನ ಝೆರಾಕ್ಸ್ ಅಂಗಡಿಯ ಮಷಿನ್, ಮೂರರ ಮೇಲೂ ಇವನ್ನು ಹಾಕಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಟಿಕ್. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸೌಂಡ್ ತೆಗೆದು, ಸೌಂಡ್ಸ್ ಎಂಬ ಹಾಳೆಯ ಕೆಳಗೆ 'ಪ್ಲೇ ವಿಂಡೋಸ್ ಸ್ಟಾರ್ಟಪ್ ಸೌಂಡ್' ಪೆಟ್ಟಿಗೆಗೆ ಟಿಕ್ ಹಾಕಿ ಓಕೆ. ಅರ್ಧ ನಿಮಿಷದ ಕೆಲಸ. ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸದ್ದು ಬಂತು. ಕಾಕಾ ಖುಷ್. ಮರುದಿನ ಬೆಳಿಗ್ಗೆ ಮತ್ತೆ ಮೌನ. ರೀಸ್ಟಾರ್ಟಿನಲ್ಲಿ ಬರುತ್ತದೆ, ಶಟ್‌ಡೌನ್ ಮಾಡಿ ಎಬ್ಬಿಸಿದರೆ ಬರೋದಿಲ್ಲ.

ಇದರ ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಮುಗಳನ್ನೆಲ್ಲ ಮುಚ್ಚುತ್ತದೆ, ಆದರೆ ವಿಂಡೋಸಿನ ತಿರುಳನ್ನು, ಅಂದರೆ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು, ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಅದನ್ನೇ ಓದಿಕೊಂಡು ಏಳುತ್ತದೆ. ತನ್ನ ಲೆಕ್ಕದಲ್ಲಿ ಅದು ಹೊಸದಾಗಿ ಚಾಲೂ ಆಗಿಯೇ ಇಲ್ಲ, ಮತ್ತೆ ಸದ್ದು ಯಾತಕ್ಕೆ? ರೀಸ್ಟಾರ್ಟ್ ಮಾತ್ರ ಪೂರ್ತಿ ಇಳಿಸಿ ಪೂರ್ತಿ ಏರಿಸುತ್ತದೆ.

ಹಾಗಾಗಿ ಎರಡನೆಯ ದಾರಿ, ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕುವುದು. ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಪುಟ ತೆರೆದು, ಮೇಲಿನ ನೀಲಿ ಸಾಲು ಒತ್ತಿದರೆ ಮಸುಕಾಗಿದ್ದ ಪೆಟ್ಟಿಗೆಗಳು ತಿದ್ದಲು ಬರುತ್ತವೆ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದರೆ ಆಯಿತು. ದಿನಾ ಬೆಳಿಗ್ಗೆ ಸದ್ದು ಖಾತ್ರಿ. ಬೆಲೆ ಏನೆಂದರೆ ಸಮಯ. ಭಾವನ ಅಂಗಡಿಯ ಮಷಿನ್‌ನಲ್ಲಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದೆ, ಅಲ್ಲಿ ಫರಕ್ ಗೊತ್ತೇ ಆಗಲಿಲ್ಲ. ಕಾಕಾನ ಡಬ್ಬಿಯಲ್ಲಿ ಹಳೇ ಹಾರ್ಡ್ ಡಿಸ್ಕು. ಅಲ್ಲಿ ಕಾಯುವುದು ಚೆನ್ನಾಗಿಯೇ ಬೆಳೆಯಿತು. ಅಂಗಡಿಗೆ ಇದರಿಂದ ಇನ್ನೊಂದು ಲಾಭ. ಆ ಮಷಿನ್‌ನಲ್ಲಿ ವಿಂಡೋಸಿನ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂಡ ಹಾಕಿದೆ. ಫಾಸ್ಟ್ ಸ್ಟಾರ್ಟಪ್ ಇದ್ದಷ್ಟು ದಿನ ವಿಂಡೋಸಿನ ಡ್ರೈವ್ ಅರ್ಧ ನಿದ್ದೆಯಲ್ಲಿ ಇರುತ್ತಿದ್ದರಿಂದ ಮಿಂಟ್ ಅದರೊಳಗೆ ಏನೂ ಬರೆಯಲು ಬಿಡುತ್ತಿರಲಿಲ್ಲ. ಈಗ ಆ ತಕರಾರೂ ಹೋಯಿತು. ಸೆಟ್ಟಿಂಗ್ ಮುಟ್ಟಲು ಇಷ್ಟವಿಲ್ಲದವರು ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಒತ್ತಬಹುದು, ಅದೊಂದು ಸಲಕ್ಕೆ ಪೂರ್ತಿ ಬಂದ್ ಆಗುತ್ತದೆ. ದಿನಾ ನೆನಪಿಟ್ಟು ಒತ್ತುವವರು ಯಾರು ಅನ್ನೋದು ಬೇರೆ ಮಾತು.

ಈ ಎರಡೂ ದಾರಿಯಲ್ಲಿ ಬರುವುದು ವಿಂಡೋಸಿನ ಸ್ವಂತ ಸದ್ದು. ಅದು ಸಿಸ್ಟಮ್ಮಿನ ಒಂದು ಡಿಎಲ್‌ಎಲ್ ಫೈಲಿನ ಒಳಗೆ ಹುದುಗಿದೆ, ಬೇರೆ ಸದ್ದುಗಳಂತೆ ಪಟ್ಟಿಯಿಂದ ಆರಿಸಿ ಬದಲಿಸಲು ಬರೋದಿಲ್ಲ. ಕಾಕಾಗೆ ಇದು ಹಿಡಿಸಲಿಲ್ಲ. "ನಂದೇ ಮಷಿನ್, ನಂಗ ಬೇಕಾದ್ದು ಅನ್ನಬಾರ್ದೇನು?" ಅಂತ ಅವರ ವಾದ. ಬೆಳಿಗ್ಗೆ ಎದ್ದರೆ ಬಸವಣ್ಣನವರ ಒಂದು ವಚನ ಕೇಳಬೇಕಂತೆ.

ಅದಕ್ಕೆ ಮೂರನೆಯ ದಾರಿ, ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ತಾನೇ ಮಾಡುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್. ಲಾಗ್ ಆನ್ ಆದ ಕೂಡಲೇ ಪವರ್‌ಶೆಲ್ (ವಿಂಡೋಸಿಗೆ ಬರಹದಲ್ಲಿ ಆಜ್ಞೆ ಕೊಡುವ ಪ್ರೋಗ್ರಾಮ್) ಎಬ್ಬಿಸಿ, ಒಂದು ವೇವ್ (.wav) ಸದ್ದಿನ ಫೈಲ್ ನುಡಿಸಿ ಸುಮ್ಮನಾಗು ಎಂದು ಒಂದು ಟಾಸ್ಕ್ ಬರೆದಿಡುವುದು. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ, ಆಟವಾಡಲು ಮಜಾ ಇರುವುದೂ ಇದರಲ್ಲೇ. ತಂಗಿಯ ಮಗಳ ಕಡೆಯಿಂದ ವಚನ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಆದರೆ ಪವರ್‌ಶೆಲ್ಲಿನ ಸೌಂಡ್ ಪ್ಲೇಯರ್ ವೇವ್ ಬಿಟ್ಟು ಬೇರೆ ಏನನ್ನೂ ಮೂಸಿ ನೋಡುವುದಿಲ್ಲ. ಫೋನಿನ ಫೈಲನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ಪ್ರೋಗ್ರಾಮಿನಲ್ಲಿ ತೆಗೆದು ವೇವ್ ಆಗಿ ಉಳಿಸಬೇಕು. ಆಜ್ಞೆಯಲ್ಲಿ 'ಪ್ಲೇ' ಎಂದಷ್ಟೇ ಬರೆದರೆ ಸದ್ದು ಶುರುವಾಗುವ ಮೊದಲೇ ಪವರ್‌ಶೆಲ್ ಬಾಗಿಲು ಹಾಕಿಕೊಂಡು ಹೋಗುತ್ತದೆ, 'ಪ್ಲೇಸಿಂಕ್' ಎಂದರೆ ಮುಗಿಯುವವರೆಗೆ ಕಾಯುತ್ತದೆ. ಟಾಸ್ಕಿನ ಮೊದಲ ಪುಟದಲ್ಲಿ ಬಳಕೆದಾರ ಲಾಗ್ ಆನ್ ಆಗಿದ್ದಾಗ ಮಾತ್ರ ನಡೆಸು ಅನ್ನುವುದನ್ನೇ ಇಡಬೇಕು. ಇನ್ನೊಂದನ್ನು ಆರಿಸಿದರೆ ಟಾಸ್ಕ್ ಹಿಂದಿನ ಕೋಣೆಯಲ್ಲಿ ನಡೆಯುತ್ತದೆ, ನಿಮ್ಮ ಕಿವಿಗೆ ಏನೂ ಬೀಳುವುದಿಲ್ಲ.

ಲ್ಯಾಪ್‌ಟಾಪ್ ಇದ್ದವರು ಕಂಡೀಷನ್ಸ್ ಪುಟವನ್ನೂ ನೋಡಲೇಬೇಕು. ಕರೆಂಟ್ ಇದ್ದರೆ ಮಾತ್ರ ಈ ಟಾಸ್ಕ್ ಶುರು ಮಾಡು ಎಂಬ ಟಿಕ್ ಅಲ್ಲಿ ಮೊದಲೇ ಬಿದ್ದಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ. ಬ್ಯಾಟರಿ ಮೇಲೆ ಚಾಲೂ ಮಾಡಿದ ದಿನ ವಚನ ಇಲ್ಲ, ಪ್ಲಗ್ ಹಾಕಿದ ದಿನ ಇದೆ. ಟಿಕ್ ತೆಗೆದ ಮೇಲೆ ಸರಿಹೋಯಿತು. ಫಾಸ್ಟ್ ಸ್ಟಾರ್ಟಪ್ ಇದ್ದರೂ ಈ ದಾರಿಗೆ ಅಡ್ಡಿಯಿಲ್ಲ, ಏಕೆಂದರೆ ಲಾಗ್ ಆನ್ ಅನ್ನುವುದು ಪ್ರತಿ ಸಲ ಹೊಸದಾಗಿಯೇ ಆಗುತ್ತದೆ. ಇನ್ನೂ ಒಂದು ಗುಣವಿದೆ: ವಿಂಡೋಸಿನ ಸದ್ದು ಲಾಗಿನ್ ಪರದೆ ಬಂತು ಎಂದಷ್ಟೇ ಹೇಳುತ್ತದೆ, ಈ ಸದ್ದು ಒಳಗೆ ಬಂದಾಯಿತು ಎಂದು ಹೇಳುತ್ತದೆ. ಕಣ್ಣಿದ್ದವರು ಬಟನ್ ಒತ್ತಿ ಚಹಾ ಮಾಡಲು ಹೋಗುವುದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ, ಪಾಸ್‌ವರ್ಡ್ ಇರದಿದ್ದರೆ ಮಾತ್ರ. ಕಾಕಾಗೆ ತೊಡಕು ಇಲ್ಲೇ. ಅವರಿಗೆ ಸದ್ದು ಬೇಕಿರುವುದು ಪಾಸ್‌ವರ್ಡ್ ಒತ್ತುವ ಮೊದಲು, ವಚನ ಬರುವುದು ಒತ್ತಿದ ಮೇಲೆ.

ಬಝರ್ ವಿಷಯಕ್ಕೆ ಬರೋಣ. ಹಳೇ ಡೆಸ್ಕ್‌ಟಾಪುಗಳಲ್ಲಿ ಬಟನ್ ಒತ್ತಿದ ತಕ್ಷಣ 'ಬೀಪ್' ಅನ್ನುತ್ತಿತ್ತಲ್ಲ, ಅದು ವಿಂಡೋಸಿನದಲ್ಲ, ಮದರ್‌ಬೋರ್ಡಿನದು. ರ್‍ಯಾಮ್, ಕೀಬೋರ್ಡ್ ಇತ್ಯಾದಿ ತಪಾಸಣೆ ಮುಗಿಯಿತು ಎಂಬುದಕ್ಕೆ ಒಂದು ಚಿಕ್ಕ ಬೀಪ್. ಈಗಿನ ಕ್ಯಾಬಿನೆಟ್ಟುಗಳಲ್ಲಿ ಆ ಬಝರನ್ನೇ ಕೊಡದಿರುವುದು ಹೆಚ್ಚು, ಆದರೆ ಬಹಳಷ್ಟು ಬೋರ್ಡುಗಳಲ್ಲಿ ಅದಕ್ಕೆ ನಾಲ್ಕು ಪಿನ್ನಿನ ಜಾಗ ಇನ್ನೂ ಇರುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಸಿಗಿಸಿದೆ, ಬೀಪ್ ಬಂತು.

ಇದರ ದೊಡ್ಡ ಗುಣ ನನಗೆ ತಿಳಿದದ್ದು ಏಪ್ರಿಲ್‌ನಲ್ಲಿ. ಕೂಲರ್ ಹಚ್ಚಿದ ಕೋಣೆಯಲ್ಲಿ ವಿಂಡೋಸಿನ ಮೆತ್ತನೆಯ ಸದ್ದು ಗಾಳಿಯಲ್ಲೇ ಕರಗಿ ಹೋಗುತ್ತಿತ್ತು. ಬೀಪ್ ಮಾತ್ರ ಕೂಲರ್ ಸದ್ದನ್ನು ಸೀಳಿಕೊಂಡು ಬಂತು. ಅದಕ್ಕೆ ವಾಲ್ಯೂಮ್ ಇಲ್ಲ, ಮ್ಯೂಟ್ ಇಲ್ಲ, ಡ್ರೈವರ್ ಇಲ್ಲ, ಎಚ್‌ಡಿಎಂಐ ರಗಳೆ ಇಲ್ಲ. ಸ್ಪೀಕರಿನ ಸ್ವಿಚ್ ಹಾಕಲು ಮರೆತಿದ್ದರೂ ಬರುತ್ತದೆ. ಬೋರ್ಡಿಗೇ ತೊಂದರೆಯಾದರೆ ಬೀಪಿನ ಲಯ ಬದಲಾಗುತ್ತದೆ, ಯಾವ ಲಯಕ್ಕೆ ಯಾವ ಅರ್ಥ ಅನ್ನುವುದು ಬೋರ್ಡಿನ ಕೈಪಿಡಿಯಲ್ಲಿ ಇರುತ್ತದೆ. ಕೊರತೆ ಒಂದೇ: ವಿಂಡೋಸ್ ಏಳುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಸತ್ತಿದ್ದರೂ ಅದು ಖುಷಿಯಿಂದ ಬೀಪ್ ಅಂದೀತು. ಲ್ಯಾಪ್‌ಟಾಪಿನವರಿಗೆ ಈ ದಾರಿಯೇ ಇಲ್ಲ.

ಮ್ಯಾಕ್‌ನವರ ಘಂಟೆಯಂಥ ಸದ್ದೂ ಇದೇ ಜಾತಿಯದು, ಸಿಸ್ಟಮ್ ಏಳುವ ಮೊದಲೇ ಯಂತ್ರದ ಫರ್ಮ್‌ವೇರ್ ನುಡಿಸುವಂಥದ್ದು. 2016ರ ಮ್ಯಾಕ್‌ಬುಕ್ ಪ್ರೋದಲ್ಲಿ ಅದನ್ನು ತೆಗೆದಿದ್ದರು. 2020ರ ಮ್ಯಾಕ್ ಸಿಸ್ಟಮ್ ಬಿಗ್ ಸರ್‌ನಿಂದ ಸೌಂಡ್ ಸೆಟ್ಟಿಂಗ್‌ನಲ್ಲಿ ಬೇಕಾದರೆ ಇಟ್ಟುಕೊಳ್ಳಲು ಟಿಕ್ ಕೊಟ್ಟಿದ್ದಾರೆ. ಮಿಂಟ್‌ನ ಸಿನಮನ್ ಎಂಬ ಡೆಸ್ಕ್‌ಟಾಪ್ ಪರದೆಯಲ್ಲಂತೂ ಸೌಂಡ್ ಸೆಟ್ಟಿಂಗಿನಲ್ಲೇ ಶುರುವಾಗುವ ಸದ್ದಿಗೆ ಸ್ವಿಚ್ ಇದೆ, ಫೈಲನ್ನೂ ನಾವೇ ಆರಿಸಬಹುದು. ವಿಂಡೋಸಿನಲ್ಲಿ ಇಷ್ಟೆಲ್ಲ ಸರ್ಕಸ್ ಮಾಡಿದ ಮೇಲೆ ಅದನ್ನು ನೋಡಿ ಹೊಟ್ಟೆ ಉರಿಯಿತು. ಆದರೆ ಎನ್‌ವಿಡಿಎ ವಿಂಡೋಸಿಗೆ ಮಾತ್ರ ಇರುವುದರಿಂದ ಕಾಕಾಗೆ ಅಲ್ಲಿ ಕೆಲಸವಿಲ್ಲ.

ಕೊನೆಗೆ ಕಾಕಾನ ಮಷಿನ್‌ನಲ್ಲಿ ಉಳಿದದ್ದು ಸದ್ದಿನ ಪಟ್ಟಿಯಲ್ಲೇ ಇಲ್ಲದ ಒಂದು ದಾರಿ. ಎನ್‌ವಿಡಿಎ ಜನರಲ್ ಸೆಟ್ಟಿಂಗ್‌ನಲ್ಲಿ 'ಸೈನ್ ಇನ್ ಸಮಯದಲ್ಲೂ ಎನ್‌ವಿಡಿಎ ಬಳಸು' ಎಂಬ ಟಿಕ್ ಇದೆ. ಹಾಕಿದರೆ ಲಾಗಿನ್ ಪರದೆ ಬಂದೊಡನೆ ಎನ್‌ವಿಡಿಎ ತನ್ನ ಆರಂಭದ ಸ್ವರ ನುಡಿಸಿ ಮಾತಾಡಲು ಶುರು ಮಾಡುತ್ತದೆ. ಫಾಸ್ಟ್ ಸ್ಟಾರ್ಟಪ್ ಹಾಗೇ ಇದ್ದರೂ ನಮ್ಮಲ್ಲಿ ತಪ್ಪದೆ ಬಂತು. ಪಾಸ್‌ವರ್ಡ್ ಪೆಟ್ಟಿಗೆಯ ಮೇಲೆ ಇದ್ದೇವೋ, ಇನ್ನೂ ಲಾಕ್ ಪರದೆಯಲ್ಲಿದ್ದೇವೋ ಅದನ್ನೂ ಹೇಳುತ್ತದೆ. ಬರೀ ಸದ್ದಿಗೆ ಇಷ್ಟು ಹೇಳಲು ಬರುತ್ತದೆಯೇ?

ಟಿಕ್ ಹಾಕಿದ ಮೇಲೆ ಅದೇ ಪುಟದಲ್ಲಿ ಈಗ ಉಳಿಸಿದ ಸೆಟ್ಟಿಂಗನ್ನೇ ಸೈನ್ ಇನ್ ಪರದೆಗೂ ಬಳಸು ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ ಲಾಗಿನ್ ಪರದೆಯಲ್ಲಿ ನಿಮ್ಮ ದನಿ, ನಿಮ್ಮ ವೇಗ ಯಾವುದೂ ಇರದೆ ಹೊಸಬನಂತೆ ಮಾತಾಡುತ್ತದೆ. ಎರಡಕ್ಕೂ ಅಡ್ಮಿನ್ ಅನುಮತಿ ಬೇಕು. ಕಾಕಾ ಇಟ್ಟುಕೊಂಡಿರುವುದು ಇಸ್ಪೀಕ್ ಎಂಬ ಓದುವ ಪ್ರೋಗ್ರಾಮಿನ ಕನ್ನಡ ದನಿ. "ಇವಗ ಯಾವಾಗ ನೋಡಿದ್ರೂ ನೆಗಡಿ ಆಗ್ಯಾದ," ಅನ್ನುತ್ತಾರೆ, ಆದರೆ ಬದಲಿಸಲು ಒಪ್ಪುವುದಿಲ್ಲ. ಎನ್‌ವಿಡಿಎ ಇಲ್ಲದ ಬೇರೆಯವರ ಮಷಿನ್ ಮುಂದೆ ಕೂತರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸಿನದೇ ಸ್ಕ್ರೀನ್ ರೀಡರ್ ಆದ ನರೇಟರ್ ಲಾಗಿನ್ ಪರದೆಯಲ್ಲೂ ಮಾತಾಡುತ್ತದೆ, ಇದು ನೆನಪಿಡುವಂಥದ್ದು.

ಈಗಿನ ಏರ್ಪಾಡು ಹೀಗಿದೆ. ಕಾಕಾನ ಡೆಸ್ಕ್‌ಟಾಪಿನಲ್ಲಿ ಬಝರ್ ಮತ್ತು ಸೈನ್ ಇನ್ ಎನ್‌ವಿಡಿಎ ಎರಡೂ: ಬೀಪ್ ಬಂದು ಎನ್‌ವಿಡಿಎ ಬರದಿದ್ದರೆ ಡಿಸ್ಕ್ ಅಥವಾ ವಿಂಡೋಸ್ ಕಡೆ ತೊಂದರೆ, ಬೀಪೇ ಬರದಿದ್ದರೆ ಕರೆಂಟ್ ಅಥವಾ ಬೋರ್ಡ್ ಕಡೆ. ಫೋನಿನಲ್ಲಿ ಅವರು ಇಷ್ಟು ಹೇಳಿದರೆ ಅರ್ಧ ಕೆಲಸ ನನಗೆ ಕೂತಲ್ಲೇ ಮುಗಿಯುತ್ತದೆ. ಭಾವನ ಅಂಗಡಿಯಲ್ಲಿ ಫಾಸ್ಟ್ ಸ್ಟಾರ್ಟಪ್ ಬಂದ್, ವಿಂಡೋಸಿನದೇ ಸದ್ದು. ನನ್ನ ಲ್ಯಾಪ್‌ಟಾಪಿಗೆ ಟಾಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾಕಾನ ಹಳೇ ಬೋರ್ಡಿಗೆ 11 ಅಧಿಕೃತವಾಗಿ ಹಾಕಲು ಬರೋದಿಲ್ಲ. ಹೊಸ ಡಬ್ಬಿ ತರಲೇಬೇಕು. ತರುವಾಗ ಬೋರ್ಡಿನ ಮೇಲೆ ಆ ನಾಲ್ಕು ಪಿನ್ ಇವೆಯೋ ಇಲ್ಲವೋ ಅಂತ ಮೊದಲು ಕೇಳಬೇಕೆಂದು ಕಾಕಾ ಈಗಲೇ ತಾಕೀತು ಮಾಡಿದ್ದಾರೆ.