ಡಾಖಾವ್ ಸ್ಮಾರಕ: ಶಿಬಿರಗಳ ಆರಂಭದ ಕಥೆಗೆ ಎಷ್ಟು ಅಂಕ?

ಜರ್ಮನಿಯ ಮ್ಯೂನಿಕ್‌ಗೆ ಹೋದವರಲ್ಲಿ ಅನೇಕರು ಅರ್ಧ ದಿನ ಬಿಡುವು ಮಾಡಿಕೊಂಡು ಡಾಖಾವ್ ಯಾತನಾ ಶಿಬಿರದ ಸ್ಮಾರಕವನ್ನು ನೋಡಿ ಬರುತ್ತಾರೆ. ಮುಖ್ಯ ನಿಲ್ದಾಣದಿಂದ ಎಸ್-2 ರೈಲಿನಲ್ಲಿ ಡಾಖಾವ್‌ಗೆ ಬಂದು ಅಲ್ಲಿಂದ 726ನೇ ನಂಬರಿನ ಬಸ್ಸು ಹಿಡಿದರೆ ಸ್ಮಾರಕ ತಲುಪಬಹುದು, ಪ್ರವೇಶಕ್ಕೆ ಶುಲ್ಕವಿಲ್ಲ. ನಾಜಿಗಳ ಶಿಬಿರ ವ್ಯವಸ್ಥೆ ಹುಟ್ಟಿದ್ದು ಹೇಗೆ ಎಂದು ತಿಳಿಯಬಯಸುವವರಿಗೆ ಈ ಸ್ಥಳ ಎಷ್ಟು ಒದಗಿಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಹೋಗುವ ಮೊದಲೇ ಒಂದು ಸಂಗತಿ ತಿಳಿದಿರಲಿ. ಇಂದು ಪ್ರವಾಸಿಗರು ಓಡಾಡುವ ಅಂಗಳ 1933ರ ಶಿಬಿರದ್ದಲ್ಲ. ಮೊದಲ ಶಿಬಿರವಿದ್ದದ್ದು ಮೊದಲನೆಯ ಮಹಾಯುದ್ಧದ ಕಾಲದ, ಪಾಳುಬಿದ್ದ ಮದ್ದುಗುಂಡಿನ ಕಾರ್ಖಾನೆಯಲ್ಲಿ. ಆ ಭಾಗದ ಬಹುಪಾಲು ಈಗ ಬವೇರಿಯಾ ರಾಜ್ಯದ ಪೊಲೀಸರ ಆವರಣಕ್ಕೆ ಸೇರಿದೆ. ನಮಗೆ ಕಾಣುವುದು 1937–38ರಲ್ಲಿ ಕೈದಿಗಳಿಂದಲೇ ಕಟ್ಟಿಸಿದ ವಿಸ್ತೃತ ಶಿಬಿರದ ವಿನ್ಯಾಸ, ಮತ್ತು ಆ ಶಿಬಿರದ ಬಿಡಾರಗಳಲ್ಲಿ ಈಗ ನಿಂತಿರುವ ಎರಡು ಕೂಡ 1960ರ ದಶಕದ ಮರುನಿರ್ಮಾಣ. ಆದ್ದರಿಂದ ಆರಂಭದ ವರ್ಷಗಳನ್ನು ಅರಿಯಬೇಕಾದರೆ ಅಂಗಳಕ್ಕಿಂತ ವಸ್ತುಪ್ರದರ್ಶನವನ್ನೇ ಹೆಚ್ಚು ನೆಚ್ಚಿಕೊಳ್ಳಬೇಕಾಗುತ್ತದೆ.

ಆ ಪ್ರದರ್ಶನ ಹಿಂದೆ ಅಡುಗೆಮನೆ, ಉಗ್ರಾಣ, ಸ್ನಾನಗೃಹಗಳಿದ್ದ ಉದ್ದನೆಯ ಕಟ್ಟಡದಲ್ಲಿದೆ. ನನ್ನ ಮಟ್ಟಿಗೆ ಇಡೀ ಸ್ಮಾರಕದ ಅತ್ಯಂತ ಬೆಲೆಯುಳ್ಳ ಭಾಗ ಇಲ್ಲಿನ 1933ರ ವಿವರಗಳು. ಆ ವರ್ಷದ ಫೆಬ್ರವರಿ 27ರಂದು ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ತುರ್ತು ಆಜ್ಞೆ ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟಿತು. ನ್ಯಾಯಾಲಯದ ಮುಂದೆ ನಿಲ್ಲಿಸದೆ ಯಾರನ್ನಾದರೂ ಹಿಡಿದಿಡುವ ‘ರಕ್ಷಣಾ ಬಂಧನ’ಕ್ಕೆ ಅದೇ ಆಧಾರವಾಯಿತು. ಮಾರ್ಚ್ 20ರಂದು ಮ್ಯೂನಿಕ್‌ನ ಪೊಲೀಸ್ ಮುಖ್ಯಸ್ಥನಾಗಿದ್ದ ಹೈನ್‌ರಿಖ್ ಹಿಮ್ಲರ್ ಐದು ಸಾವಿರ ಮಂದಿಯನ್ನು ಹಿಡಿಸುವ ಶಿಬಿರ ತೆರೆಯುವುದಾಗಿ ಪತ್ರಕರ್ತರಿಗೆ ತಿಳಿಸಿದ. 22ರಂದು ಮೊದಲ ಕೈದಿಗಳು ಬಂದರು. ಅವರಲ್ಲಿ ಹೆಚ್ಚಿನವರು ಕಮ್ಯುನಿಸ್ಟರು. ಸಮಾಜವಾದಿಗಳು, ಕಾರ್ಮಿಕ ಸಂಘಟನೆಗಳ ಮುಖಂಡರು ಬೆನ್ನಿಗೇ ಬಂದರು. ಎಲ್ಲವೂ ಗುಟ್ಟಾಗಿ ನಡೆಯಿತೆಂದು ನಂಬಿಕೊಂಡು ಬಂದವರು ಪತ್ರಿಕೆಯಲ್ಲಿ ಅಚ್ಚಾದ ಆ ಸುದ್ದಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಮೊದಮೊದಲು ಕಾವಲಿಗಿದ್ದವರು ಬವೇರಿಯಾದ ಪೊಲೀಸರು. ಏಪ್ರಿಲ್ 11ರಂದು ಹಿಮ್ಲರ್ ಮುಂದಾಳತ್ವದ ನಾಜಿ ಪಕ್ಷದ ಎಸ್ಎಸ್ ಪಡೆ ಒಳಗೆ ಕಾಲಿಟ್ಟಿತು; ಮರುದಿನವೇ ನಾಲ್ವರು ಯಹೂದಿ ಕೈದಿಗಳಿಗೆ ಗುಂಡಿಟ್ಟು, ಅವರು ಓಡಿಹೋಗಲು ಯತ್ನಿಸಿದರೆಂದು ವರದಿ ಮಾಡಲಾಯಿತು. ಯೋಸೆಫ್ ಹಾರ್ಟಿಂಗರ್ ಎಂಬ ಸರ್ಕಾರಿ ಅಭಿಯೋಜಕ ಈ ಮಾತನ್ನು ನಂಬದೆ ಸಾಕ್ಷ್ಯ ಕಲೆಹಾಕಿ ಮೊಕದ್ದಮೆಗೆ ಸಿದ್ಧತೆ ಮಾಡಿದ. ಪ್ರಕರಣ ಮುಂದೆ ಸಾಗದಂತೆ ಮೇಲಿನವರು ತಡೆದರೂ, ಶಿಬಿರದ ಮುಖ್ಯಸ್ಥ ಹಿಲ್ಮಾರ್ ವೆಕರ್ಲೆ ಸ್ಥಾನ ಕಳೆದುಕೊಂಡ. ಆದರೆ ಅವನ ಜಾಗಕ್ಕೆ ಬಂದವನು ಥಿಯೋಡೋರ್ ಐಕೆ. ಹಿಂಸೆಯನ್ನು ನಿಲ್ಲಿಸುವ ಬದಲು ಅದಕ್ಕೆ ನಿಯಮಾವಳಿ ಬರೆದವನು ಇವನು: 1933ರ ಅಕ್ಟೋಬರ್ 1ರ ಅವನ ದಂಡಸಂಹಿತೆ ಛಡಿಯೇಟಿನಿಂದ ಮರಣದಂಡನೆಯವರೆಗೆ ಎಲ್ಲವನ್ನೂ ಕಚೇರಿಯ ಸುತ್ತೋಲೆಯ ಭಾಷೆಯಲ್ಲಿ ವಿಧಿಸುತ್ತದೆ. 1934ರಲ್ಲಿ ಅವನು ಎಲ್ಲ ಶಿಬಿರಗಳ ಪರಿವೀಕ್ಷಕನಾದ ಮೇಲೆ ಡಾಖಾವ್‌ನ ಪದ್ಧತಿಯೇ 1936ರ ಸಾಕ್ಸೆನ್‌ಹೌಸೆನ್ ಶಿಬಿರಕ್ಕೂ 1937ರ ಬೂಖನ್‌ವಾಲ್ಡ್ ಶಿಬಿರಕ್ಕೂ ಮಾದರಿಯಾಯಿತು.

ಬಹುಪಾಲು ಜನ ಈ ಕೋಣೆಗಳನ್ನು ಬೇಗನೆ ದಾಟಿ ದಹನಾಗಾರದ ಕಡೆಗೆ ನಡೆಯುತ್ತಾರೆ. ಅದು ನೋಡಬೇಕಾದ ಜಾಗವೇ, ಆದರೆ ಅದು ಎರಡನೆಯ ಮಹಾಯುದ್ಧದ ಕಾಲದ ಅಧ್ಯಾಯ. ಮಾರ್ಗದರ್ಶಿಯ ಜೊತೆಗಿನ ಸುತ್ತಾಟದಲ್ಲಿ ಸಮಯ ಮಿತವಾಗಿರುವುದರಿಂದ, ಅದು ಮುಗಿದ ಮೇಲೆ ಪ್ರದರ್ಶನಕ್ಕೆ ಮರಳಿ ಕನಿಷ್ಠ ಎರಡು ಗಂಟೆ ಕೊಡುವುದು ಒಳ್ಳೆಯದು. ಫಲಕಗಳಲ್ಲಿ ಜರ್ಮನ್ ಜೊತೆಗೆ ಇಂಗ್ಲಿಷ್ ಕೂಡ ಇದೆ. ಬರಹ ದಟ್ಟವಾಗಿದೆ, ತಾಳ್ಮೆ ಬೇಕು. ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದೇ ಲೇಸು.

ಆರಂಭದ ಕಥೆಗೆಂದೇ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. 1933ರಲ್ಲಿ ಜರ್ಮನಿಯ ಉದ್ದಗಲಕ್ಕೂ ಹಳೆಯ ಕಾರ್ಖಾನೆ, ಕೋಟೆ, ಸೆರೆಮನೆಗಳಲ್ಲಿ ತಲೆಯೆತ್ತಿ, ಕೆಲವೇ ತಿಂಗಳುಗಳಲ್ಲಿ ಮುಚ್ಚಿದ ಹತ್ತಾರು ತಾತ್ಕಾಲಿಕ ಶಿಬಿರಗಳ ಚಿತ್ರ ಒಂದೇ ಸ್ಥಳದ ಚರಿತ್ರೆಯಲ್ಲಿ ಪೂರ್ತಿ ಸಿಗಲಾರದು. ಬರ್ಲಿನ್‌ಗೂ ಹೋಗುವವರು ಸಾಕ್ಸೆನ್‌ಹೌಸೆನ್ ನೋಡುವ ದಿನವೇ ಪಕ್ಕದ ಓರಾನಿಯೆನ್‌ಬುರ್ಗ್ ಪಟ್ಟಣವನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ನಾಜಿ ಪಕ್ಷದ ಇನ್ನೊಂದು ಪಡೆಯಾದ ಎಸ್ಎ 1933ರ ಮಾರ್ಚ್‌ನಲ್ಲೇ ಊರ ನಡುವಿನ ಹಳೆಯ ಬಿಯರ್ ಕಾರ್ಖಾನೆಯಲ್ಲಿ ಶಿಬಿರ ತೆರೆದಿತ್ತು.