ಮೂಗಿಗೆ ಪೂರ್ಣ ಅಂಕ, ಚಕ್ರಕ್ಕೆ ಅರ್ಧ: ಮೊದಲ ಬುಲೆಟ್ ರೈಲಿನ ಎನ್ ಗೇಜ್ ಮಾದರಿ

1964ರ ಅಕ್ಟೋಬರ್ 1ರಂದು ಟೋಕಿಯೊ ಮತ್ತು ಶಿನ್-ಒಸಾಕಾ ನಡುವೆ ಓಡಲಾರಂಭಿಸಿದ ಮೊದಲ ಶಿಂಕಾನ್‌ಸೆನ್‌ ಅಂದರೆ ಬುಲೆಟ್ ರೈಲಿನ, ಎನ್ ಗೇಜ್ ಎಂಬ ಅತಿ ಸಣ್ಣ ಅಳತೆಯ ಮಾದರಿಯೊಂದು ಬೀದರಿನ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಓಡುತ್ತಿದೆ. ಅದರ ಅಳತೆ, ಡಬ್ಬಿಗಳ ಸಂಖ್ಯೆ, ಪೆಟ್ಟಿಗೆಯಲ್ಲಿ ಬರುವ ಸಾಮಾನುಗಳು ಎಲ್ಲ ಕಡೆ ಸಿಗುವ ಮಾಹಿತಿಯಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಜಪಾನಿನ ಅಡಾಪ್ಟರು 100 ವೋಲ್ಟಿನದಾದ್ದರಿಂದ ನಮ್ಮ 230 ವೋಲ್ಟಿಗೆ ಹೊಂದುವ, 12 ವೋಲ್ಟ್ ಕೊಡುವ ಅಡಾಪ್ಟರನ್ನು ಇಲ್ಲಿಯೇ ಕೊಳ್ಳಬೇಕಾಯಿತು ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಈ ಮಾದರಿಯ ಮೂಗನ್ನು ಮಾಡಿದವರು ಮನಸ್ಸಿಟ್ಟು ಮಾಡಿದ್ದಾರೆ. ದಂತದ ಬಿಳುಪು ಮತ್ತು ನೀಲಿ ಸೇರುವ ಗೆರೆ ಎಲ್ಲಿಯೂ ಕದಡಿಲ್ಲ. ರೈಲು ಕೆಟ್ಟಾಗ ಎಳೆದೊಯ್ಯಲು ಇರುವ ತುರ್ತು ಕೊಂಡಿಯನ್ನು ಮುಚ್ಚಲು ಮೂಲ ರೈಲಿನ ಮೂತಿಯ ತುದಿಗಿದ್ದ ದುಂಡನೆಯ ಮುಚ್ಚಳವೂ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆ. ನೆರೆಮನೆಯ ಕಾಕಾ ವಾಯುನೆಲೆಯಲ್ಲಿ ದುಡಿದು ನಿವೃತ್ತರಾದವರು. ಮೊದಲ ಸಲ ಇದನ್ನು ಕೈಗೆತ್ತಿಕೊಂಡಾಗ ಅವರು, "ಮಾಸ್ತರ್, ಇದು ರೈಲಿನ ಮೂತಿ ಅಲ್ರಿ, ವಿಮಾನದ್ದು" ಎಂದರು. ಅವರು ಹೇಳಿದ್ದರಲ್ಲಿ ಇತಿಹಾಸವೇ ಇದೆ. ಯುದ್ಧಕಾಲದಲ್ಲಿ ಜಪಾನಿನ ನೌಕಾಪಡೆಗೆ ಗಿಂಗಾ ಎಂಬ ಬಾಂಬರ್ ವಿಮಾನದ ವಿನ್ಯಾಸದಲ್ಲಿ ದುಡಿದ ತದನಾವೊ ಮಿಕಿ, 1945ರ ಸೋಲಿನ ನಂತರ ವಿಮಾನ ನಿರ್ಮಾಣಕ್ಕೆ ನಿಷೇಧ ಬಿದ್ದಾಗ ರೈಲ್ವೆ ಸಂಶೋಧನಾ ಸಂಸ್ಥೆಗೆ ಬಂದರು. ಗಾಳಿಯನ್ನು ಸೀಳುವ ಆಕಾರದ ಬಗೆಗೆ ಅವರಿಗಿದ್ದ ಅರಿವು ಮೊದಲು ಒಡಾಕ್ಯು ಎಂಬ ಖಾಸಗಿ ರೈಲು ಕಂಪನಿಯ ಒಂದು ರೈಲಿಗೆ ದಕ್ಕಿತು. ಅದು 1957ರಲ್ಲಿ ಕಿರಿದಾದ ಹಳಿಯ ಮೇಲೆ ಗಂಟೆಗೆ 145 ಕಿಲೋಮೀಟರ್ ಓಡಿ ದಾಖಲೆ ಮಾಡಿತು. ಅದೇ ಅರಿವು ಮುಂದೆ 210 ಕಿಲೋಮೀಟರ್ ವೇಗದ ಈ ರೈಲಿಗೂ ಒದಗಿತು.

ಸಂಜೆ ಶಾಲೆಯಿಂದ ಬಂದು ಚಹಾ ಮುಗಿಸಿದ ಮೇಲೆ ದಿವಾನದ ಮೇಲೆ ಪ್ಲೈವುಡ್ ಹಲಗೆಯನ್ನು ಇಡುತ್ತೇನೆ. ಬೀದರಿನ ಕೆಂಪು ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುವುದರಿಂದ, ಹಳೆಯ ಧೋತರದ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಳಿಗಳನ್ನು ಒಂದು ಸುತ್ತು ಒರೆಸಿ, ಬಟ್ಟೆಗೆ ಹತ್ತಿದ ಕಪ್ಪನ್ನು ನೋಡಿ, ಬಟ್ಟೆಯನ್ನು ಮಗುಚಿ ಇನ್ನೊಂದು ಸುತ್ತು ಒರೆಸುತ್ತೇನೆ. ಆಮೇಲೆ ಡಬ್ಬಿಗಳನ್ನು ಸ್ಪಂಜಿನ ಗೂಡುಗಳಿಂದ ಒಂದೊಂದಾಗಿ ತೆಗೆದು, ಇಳಿಜಾರಿನ ಪಟ್ಟಿಯ ಮೇಲಿಂದ ಹಳಿಗೆ ಜಾರಿಸಿ, ಕೊಂಡಿಗಳು ಕೂಡಿದ ಸಣ್ಣ ಸದ್ದು ಕೇಳಿಸುವವರೆಗೆ ಕಾಯುತ್ತೇನೆ. ಗುಂಡಿಯನ್ನು ಮೆಲ್ಲಗೆ ತಿರುಗಿಸಿದರೆ ಮುಂದಿನ ದೀಪ ಮೊದಲು ಹೊತ್ತಿಕೊಳ್ಳುತ್ತದೆ, ರೈಲು ಆಮೇಲೆ ಹೊರಡುತ್ತದೆ. ಹಗಲಿನಲ್ಲಿ ಇಟ್ಟುಕೊಂಡರೆ ಕೆಲವೊಮ್ಮೆ ನಮ್ಮ ಮಾಳಿಗೆಯ ಮೇಲೆ ವಾಯುಪಡೆಯ ಸೂರ್ಯಕಿರಣ್ ಕಸರತ್ತಿನ ತಂಡದ ಹಾಕ್ ವಿಮಾನಗಳು ಅಭ್ಯಾಸಕ್ಕೆ ಹಾರುವ ಮೊರೆತವೂ ಜೊತೆಗಿರುತ್ತದೆ, ಮತ್ತು ಆ ಹೊತ್ತು ನನಗೆ ಬಹಳ ಪ್ರಿಯವಾದದ್ದು.

ಇಷ್ಟು ಚೆಲುವಾದ ವಸ್ತುವಿನ ಮೇಲೆ ನನಗೆ ಬೇಸರ ಬಂದದ್ದು ಅದರ ಚಕ್ರಗಳಿಂದ. ಈ ಮಾದರಿಯಲ್ಲಿ ಮೋಟಾರು ಇರುವುದು ಒಂದೇ ಡಬ್ಬಿಯಲ್ಲಿ. ಉಳಿದ ಡಬ್ಬಿಗಳನ್ನೆಲ್ಲ ಎಳೆಯುವಾಗ ಜಾರದಿರಲೆಂದು ಅದರ ಕೆಲವು ಚಕ್ರಗಳಿಗೆ ಕೂದಲೆಳೆಯಂಥ ರಬ್ಬರ್ ಉಂಗುರ ತೊಡಿಸಿದ್ದಾರೆ. ನಮ್ಮ ಬೇಸಿಗೆಯ ಸೆಕೆಗೆ ಆ ಉಂಗುರಗಳು ಗಡುಸಾಗಿ, ಸೀಳಿ, ಚಕ್ರದಿಂದ ಕಳಚಿಕೊಂಡವು. ಆಗ ಮೋಟಾರು ತಿರುಗುತ್ತದೆ, ಚಕ್ರ ತಿರುಗುತ್ತದೆ, ರೈಲು ಮಾತ್ರ ತಿರುವಿನಲ್ಲಿ ನಿಂತಲ್ಲೇ ನಿಲ್ಲುತ್ತದೆ. ಉಂಗುರ ಚೆನ್ನಾಗಿದ್ದಾಗಲೂ ಒಂದು ತೊಡಕಿದೆ: ರಬ್ಬರಿನ ಮೂಲಕ ವಿದ್ಯುತ್ ಹರಿಯದ ಕಾರಣ ಆ ಚಕ್ರಗಳು ಹಳಿಯಿಂದ ವಿದ್ಯುತ್ ಪಡೆಯುವುದಿಲ್ಲ, ಆದ್ದರಿಂದ ಧೂಳು ಸ್ವಲ್ಪ ಹೆಚ್ಚಾದರೂ ರೈಲು ತಡವರಿಸುತ್ತದೆ. ಬದಲಿ ಉಂಗುರ ನಮ್ಮ ಊರಿನಲ್ಲಂತೂ ಸಿಗುವುದಿಲ್ಲ. ಹೊರದೇಶದಿಂದ ತರಿಸಿದರೆ ಉಂಗುರಕ್ಕಿಂತ ಸಾಗಣೆಯ ಖರ್ಚೇ ಎಷ್ಟೋ ಪಟ್ಟು ಹೆಚ್ಚು, ಮತ್ತು ಸಂಬಳದಲ್ಲಿ ಉಳಿಸಿ ಈ ಹವ್ಯಾಸ ನಡೆಸುವ ನನ್ನಂಥವರಿಗೆ ಅದು ಸಣ್ಣ ಮಾತಲ್ಲ.

ಮೂಲ ರೈಲಿನ ಹಿರಿಮೆ ಮೂತಿಗಿಂತ ಹೆಚ್ಚಾಗಿ ಚಕ್ರಗಳ ಬಳಿಯೇ ಇತ್ತು ಎಂಬುದರಿಂದ ನನಗೆ ಈ ದೋಷ ಇನ್ನಷ್ಟು ನೋಯಿಸುತ್ತದೆ. ಜಪಾನಿನ ಝೀರೊ ಯುದ್ಧವಿಮಾನದ ರೆಕ್ಕೆಗಳು ಅತಿವೇಗದಲ್ಲಿ ಅದುರಿ ಒಡೆಯುವುದರ ಕಾರಣವನ್ನು ಅಧ್ಯಯನ ಮಾಡಿದ್ದ ತದಾಶಿ ಮತ್ಸುದೈರಾ, ಯುದ್ಧದ ನಂತರ ಅದೇ ಕಂಪನಶಾಸ್ತ್ರವನ್ನು ರೈಲಿಗೆ ತಂದರು. ವೇಗ ಹೆಚ್ಚಿದಂತೆ ಚಕ್ರಗಳು ಹಳಿಯ ಮೇಲೆ ಎಡಕ್ಕೂ ಬಲಕ್ಕೂ ಹೊಯ್ದಾಡುವುದು ಕೇವಲ ಹಳಿಯ ಡೊಂಕಿನಿಂದಲ್ಲ, ರೆಕ್ಕೆಯ ಅದುರಾಟದಂತೆ ಅದು ತಾನಾಗಿ ಬೆಳೆಯುವ ಕಂಪನ ಎಂದು ಅವರು ಕಂಡುಕೊಂಡರು. ಚಕ್ರಗಳ ಚೌಕಟ್ಟಿನ ವಿನ್ಯಾಸದಿಂದಲೇ ಆ ಹೊಯ್ದಾಟವನ್ನು ಅಡಗಿಸದೆ ಹೋಗಿದ್ದರೆ ಮಿಕಿಯವರ ಮೂತಿಗೆ 210 ಕಿಲೋಮೀಟರ್ ವೇಗದ ಗಾಳಿ ತಾಗುತ್ತಲೇ ಇರಲಿಲ್ಲ. ಮೇಲಾಗಿ ಆ ಹನ್ನೆರಡು ಡಬ್ಬಿಗಳ ರೈಲಿನಲ್ಲಿ ಪ್ರತಿಯೊಂದು ಅಚ್ಚಿಗೂ ಮೋಟಾರಿತ್ತು; ಎಳೆಯುವ ಹೊರೆ ಎಲ್ಲ ಚಕ್ರಗಳಿಗೂ ಹಂಚಿಹೋಗಿತ್ತು. ಇಷ್ಟು ಪುಟ್ಟ ಮಾದರಿಯಲ್ಲಿ ಅದನ್ನು ನಿರೀಕ್ಷಿಸಲಾಗದು, ನಿಜ. ಆದರೆ ಇನ್ನೊಂದು ಡಬ್ಬಿಗೆ ಮೋಟಾರು ಕೊಟ್ಟಿದ್ದರೆ ರಬ್ಬರಿನ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ಈಗ ಎರಡು ಡಬ್ಬಿಗಳನ್ನು ಕಳಚಿಟ್ಟು, ಗಿಡ್ಡ ರೈಲನ್ನೇ ಓಡಿಸುತ್ತಿದ್ದೇನೆ. ಉಂಗುರದ ಮೇಲಿನ ಎಳೆತ ಕಡಿಮೆಯಾಗಿ ರೈಲು ಸರಾಗವಾಗಿ ಓಡುತ್ತಿದೆ, ನನ್ನ ಮುನಿಸೂ ಅರ್ಧ ಇಳಿದಿದೆ. ಮೋಟಾರಿನ ಬಗೆಗೆ ಒಂದೂ ದೂರಿಲ್ಲ, ಬಣ್ಣ ಮಾಸಿಲ್ಲ, ದೀಪ ಹೋಗಿಲ್ಲ. ಕಲಬುರಗಿ, ಯಾದಗಿರಿ, ಬೀದರಿನಂಥ ಬಿಸಿಲೂರಿನಲ್ಲಿ ಇದನ್ನು ಕೊಳ್ಳುವವರು ಮೊದಲ ಪಾರ್ಸಲಿನಲ್ಲಿಯೇ ಹೆಚ್ಚುವರಿ ರಬ್ಬರ್ ಉಂಗುರಗಳನ್ನು ತರಿಸಿಕೊಳ್ಳಲಿ, ಏಪ್ರಿಲ್ ಬಂದೊಡನೆ ಮೋಟಾರಿನ ಡಬ್ಬಿಯನ್ನು ಮನೆಯ ತಂಪಾದ ಮೂಲೆಯಲ್ಲಿಡಲಿ, ಪಶ್ಚಿಮದ ಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಬೇಡ.